ಗೋಧೂಮವೂ ಬಾಲಕರ ಅಸ್ಥಿಯೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂಬೀ ಊರುಗಳ ಸುತ್ತಣ ಭೂಮಿಯಲ್ಲಿ ಸುಣ್ಣಕಲ್ಲು ಹೇರಳವಾಗಿರುವುದು ವಾಚಕರಿಗೆ ವಿದಿತವೇ ಇದೆ. ಶಹಾಬಾದಿನ ಹಾಸುಗಲ್ಲು ನಮ್ಮ ಮನೆಗಳ ನೆಲದಲ್ಲಿಯೂ ಮಾಳಿಗೆಯಲ್ಲಿಯೂ ಇರುವುದು. ಅದೇ ಜಾತಿಯ ಕಲ್ಲನ್ನು ಸುಟ್ಟು ಸಿಮೆಂಟು ಮಾಡುವ ಕಾರ್ಖಾನೆಗಳ ಹೊಗೆಕೊಳವೆಗಳು ಗಾವುದ ದೂರದಿಂದಲೇ ಕಾಣುವುವು. ಈ ಕಲ್ಲಿನ ಸಾರವಾದ ಕ್ಯಾಲ್ಸಿಯಂ ಎಂಬ ಧಾತುವೇ ಮನುಷ್ಯನ ಅಸ್ಥಿಗೂ ಸಾರವಾಗಿರುವುದು. ದೇಹದೊಳಗಿನ ಕ್ಯಾಲ್ಸಿಯಮಿನಲ್ಲಿ ನೂರಕ್ಕೆ 99 ಪಾಲು ಎಲುಬು ಹಲ್ಲುಗಳಲ್ಲಿಯೇ ನೆಲೆಸಿರುವುದೆಂದು ಶರೀರಶಾಸ್ತ್ರಜ್ಞರು ಹೇಳುವರು. ಆದರೆ ನೆಲದಲ್ಲಿರುವುದೆಲ್ಲವೂ ತಟ್ಟೆಗೆ ಬಾರದು. ತಟ್ಟೆಗೆ ಬಂದುದೆಲ್ಲವೂ ಎಲುಬಿಗೆ ಸೇರದು. ಇವೆರಡರ ನಡುವೆ ಜಠರವೂ ಕರುಳೂ ಇರುವುವು. ಆ ಕರುಳಿನ ಬಾಗಿಲು ಮುಚ್ಚಿದ ಮಕ್ಕಳ ಚರಿತ್ರೆಯನ್ನು ಹೇಳುವುದೇ ಈ ಲೇಖನದ ಉದ್ದೇಶ.

ನಮ್ಮ ಪೂರ್ವಿಕರು ಈ ಮಾರ್ಗವನ್ನು ತಮ್ಮದೇ ಪರಿಭಾಷೆಯಲ್ಲಿ ಚಿಂತಿಸಿದ್ದರು. ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಸಪ್ತಧಾತುಗಳಲ್ಲಿ ಅಸ್ಥಿಯು ಐದನೆಯದು. ಉಂಡ ಅನ್ನವು ಮೊದಲು ರಸವಾಗಿ, ಬಳಿಕ ಒಂದೊಂದೇ ಧಾತುವನ್ನು ಪೋಷಿಸುತ್ತ ಅಸ್ಥಿಯನ್ನು ಮುಟ್ಟುವುದೆಂದು ಅವರ ಮತ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಗ್ರಹಣೀರೋಗಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಇಂದಿನ ಸೀಲಿಯಾಕ್ ರೋಗವೂ ಅಂದಿನ ಗ್ರಹಣಿಯೂ ಒಂದೇ ಎಂದು ಹೇಳುವುದು ಸಾಹಸವಾದೀತು. ಆ ಹೆಸರಿನಡಿಯಲ್ಲಿ ಅನೇಕ ವ್ಯಾಧಿಗಳು ಅಡಗಿದ್ದಿರಬೇಕು. ಅಷ್ಟೇ ಅಲ್ಲ, ಅದೇ ಸಂಹಿತೆಯು ಗೋಧೂಮವನ್ನು ಬೃಂಹಣವೆಂದೂ ಸ್ಥೈರ್ಯಕರವೆಂದೂ ಮುರಿದುದನ್ನು ಕೂಡಿಸುವುದೆಂದೂ ಕೊಂಡಾಡಿರುವುದು. ಬಹುಜನರ ವಿಷಯದಲ್ಲಿ ಈ ಮಾತು ಸಾಧುವೇ. ಆದರೆ ಮುರಿದುದನ್ನು ಕೂಡಿಸತಕ್ಕ ಆ ಧಾನ್ಯವೇ ಕೆಲವು ಮಕ್ಕಳ ಎಲುಬನ್ನು ಒಳಗಿಂದೊಳಗೆ ಸವೆಸುವುದೆಂಬುದನ್ನು ಅರಿಯಲು ಲೋಕಕ್ಕೆ ಬಹುಕಾಲ ಹಿಡಿಯಿತು.

ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿದ್ದ ಕಪಡೋಶಿಯದ ಅರಿಟೀಯಸ್ ಎಂಬ ಗ್ರೀಕ್ ವೈದ್ಯನು, ಅನ್ನವು ಪಚನವಾಗದೆ ಹೊರಬೀಳುವ ದೀರ್ಘವ್ಯಾಧಿಯೊಂದನ್ನು ವರ್ಣಿಸಿ, ಅದಕ್ಕೆ ಉದರವಾಚಕವಾದ ಗ್ರೀಕ್ ಶಬ್ದದಿಂದ ಹೆಸರಿಟ್ಟನು. ಸೀಲಿಯಾಕ್ ಎಂಬ ಮಾತು ಅಲ್ಲಿಂದಲೇ ಬಂದುದು. ಅನಂತರ 1888ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯನು ಮಕ್ಕಳಲ್ಲಿ ಕಾಣುವ ಈ ರೋಗದ ಮೇಲೆ ಪ್ರಬಂಧವನ್ನು ಪ್ರಕಟಿಸಿ, ಗುಣವಾಗುವುದಾದರೆ ಪಥ್ಯದಿಂದಲೇ ಆಗಬೇಕೆಂದು ಸಾರಿದನು. ಯಾವ ಪಥ್ಯವೆಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. 1924ರಲ್ಲಿ ಅಮೆರಿಕೆಯ ಸಿಡ್ನಿ ಹಾಸ್ ಎಂಬವನು ಬಾಳೆಯ ಹಣ್ಣಿನ ಪಥ್ಯದಿಂದ ಮಕ್ಕಳನ್ನು ಉಳಿಸಿದನು. ಗುಣವು ಬಾಳೆಯಲ್ಲಿದೆಯೆಂದು ಅವನು ನಂಬಿದನಲ್ಲದೆ, ಬಾಳೆಯನ್ನು ತಿನ್ನುವಾಗ ಮಕ್ಕಳು ರೊಟ್ಟಿಯನ್ನು ಬಿಟ್ಟಿದ್ದರೆಂಬುದನ್ನು ಲಕ್ಷಿಸಲಿಲ್ಲ. 1927ರಲ್ಲಿ ಬರ್ಮಿಂಗ್‌ಹ್ಯಾಮಿನ ಲಿಯೊನಾರ್ಡ್ ಪಾರ್ಸನ್ಸ್ ಎಂಬ ಮಕ್ಕಳ ವೈದ್ಯನು ಈ ರೋಗಿಗಳ ಅಸ್ಥಿವಿಕಾರಗಳನ್ನೂ, ಎಲುಬು ಮೆತ್ತಗಾಗಿ ಬಾಗುವ ರಿಕೆಟ್ಸ್ ರೋಗಕ್ಕೆ ಅವುಗಳ ಸಂಬಂಧವನ್ನೂ ವಿವೇಚಿಸಿದನು.

ಕೊನೆಗೆ ಗುಟ್ಟನ್ನು ಒಡೆದವನು ಹಾಲೆಂಡಿನ ವಿಲ್ಲೆಮ್ ಕಾರೆಲ್ ಡಿಕ್ಕೆ. ಹೇಗ್ ನಗರದ ಮಕ್ಕಳ ಆಸ್ಪತ್ರೆಯಲ್ಲಿದ್ದ ಈತನು 1930ರ ದಶಕದಲ್ಲಿಯೇ ಗೋಧಿಯನ್ನು ಬಿಡಿಸಿ ನೋಡುತ್ತಿದ್ದನು. 1944-45ರ ಚಳಿಗಾಲದಲ್ಲಿ, ಮಹಾಯುದ್ಧದ ನಿಮಿತ್ತ ಆ ದೇಶದಲ್ಲಿ ಘೋರ ಕ್ಷಾಮವುಂಟಾಗಿ ರೊಟ್ಟಿಯೇ ದುರ್ಲಭವಾಯಿತು. ಎಲ್ಲರೂ ಸೊರಗುತ್ತಿರುವಲ್ಲಿ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡರೆಂದೂ, ರೊಟ್ಟಿ ಮರಳಿದೊಡನೆ ಮತ್ತೆ ಮಲಗಿದರೆಂದೂ ಹೇಳುವರು. ಡಿಕ್ಕೆಯು 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪ್ರಬಂಧದಲ್ಲಿ ಗೋಧಿಯೇ ದೋಷಕಾರಿಯೆಂದು ಸಪ್ರಮಾಣವಾಗಿ ತೋರಿಸಿದನು. ಬಳಿಕ ಗೋಧಿ, ಜವೆ, ರೈ ಎಂಬ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಅಂಶವೇ ಕಾರಣವೆಂದು ನಿಶ್ಚಯವಾಯಿತು. ಗೋಧಿಯ ಕಣಕಕ್ಕೆ ಜಿಗುಟನ್ನು ಕೊಡುವುದು ಇದೇ.

ಅಸ್ಥಿಗೆ ಹಾನಿಯಾಗುವ ಬಗೆಯನ್ನು ಸಂಕ್ಷೇಪವಾಗಿ ಹೇಳುವೆನು. ಸಣ್ಣಕರುಳಿನ ಒಳಮೈಯಲ್ಲಿ ಮಖಮಲ್ಲಿನ ನೂಲುಗಳಂತಹ ಸೂಕ್ಷ್ಮವಾದ ಕುಚ್ಚುಗಳಿರುವುವು. ಅನ್ನರಸವನ್ನು ಹೀರುವುದು ಇವುಗಳ ಕೆಲಸ. ಈ ರೋಗದಲ್ಲಿ ದೇಹವು ಗ್ಲುಟೆನನ್ನು ಶತ್ರುವೆಂದು ಭ್ರಮಿಸಿ ಹೋರಾಡಲಾಗಿ, ಆ ಹೋರಾಟದಲ್ಲಿ ಕುಚ್ಚುಗಳು ಮೊಂಡಾಗಿ ಅಳಿದುಹೋಗುವುವು. ಕ್ಯಾಲ್ಸಿಯಮನ್ನು ಬಹುವಾಗಿ ಹೀರತಕ್ಕ ಮೇಲ್ಗರುಳೇ ಮೊದಲು ಕೆಡುವುದು. ಕೊಬ್ಬು ಜೀರ್ಣವಾಗದೆ ಹೋಗುವಾಗ ಅದರೊಡನೆ ಡಿ ಜೀವಸತ್ವವೂ ಹೋಗುವುದು. ರಕ್ತದಲ್ಲಿ ಕ್ಯಾಲ್ಸಿಯಂ ತಗ್ಗಿದರೆ ಪ್ರಾಣಕ್ಕೇ ಅಪಾಯವಾದುದರಿಂದ, ಕೊರಳಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಎಲುಬಿನ ಉಗ್ರಾಣದಿಂದಲೇ ಅದನ್ನು ಎತ್ತಿ ರಕ್ತಕ್ಕೆ ಕೊಡುವುವು. ಬೆಳೆಯತಕ್ಕ ಬಾಲಕನು ಹೀಗೆ ತನ್ನ ಎಲುಬನ್ನು ತಾನೇ ಉಂಡು ಬದುಕುವನು. ಕೆಲವರಿಗೆ ಭೇದಿ, ಹೊಟ್ಟೆಯುಬ್ಬರ ಇರುವುವು. ಕೆಲವರಿಗೆ ಅವೊಂದೂ ಇಲ್ಲದೆ ರಕ್ತಹೀನತೆ, ಗಿಡ್ಡತನ, ಕಾಲುನೋವು, ಸುಲಭವಾಗಿ ಮುರಿಯುವ ಎಲುಬು, ಇಷ್ಟೇ ಕುರುಹು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಸಿಮೆಂಟಿನ ಕೆಲಸಕ್ಕಾಗಿ ಉತ್ತರದೇಶದಿಂದ ಬಂದ ಕುಟುಂಬವೊಂದರ ಹುಡುಗನು ನನ್ನ ತರಗತಿಯಲ್ಲಿದ್ದನು. ವಯಸ್ಸು ಹತ್ತು, ನೋಡಿದರೆ ಆರು. ಕವಾಯತಿನಲ್ಲಿ ನಾಲ್ಕು ಹೆಜ್ಜೆ ಓಡಿ ಕುಳಿತುಬಿಡುವನು. ಕೇಳಿದರೆ, ಇಲ್ಲಿಯೇ ಕಲಿತ ಕನ್ನಡದಲ್ಲಿ, “ಕಾಲು ನೋಯ್ತಾವ್ರಿ ಸರ” ಎನ್ನುವನು. ಅದು ಆಲಸ್ಯವೆಂದು ನಾನು ಬಗೆದು, ಅವನನ್ನು ಒಮ್ಮೆಯಲ್ಲ, ಹಲವು ಸಲ ಬೆಂಚಿನ ಮೇಲೆ ನಿಲ್ಲಿಸಿದೆನು. ಒಂದು ದಿನ ಪಡಸಾಲೆಯ ಒಂದೇ ಮೆಟ್ಟಿಲಿನಿಂದ ಜಾರಿ ಅವನ ಮುಂಗೈ ಮುರಿಯಿತು. ಅದೇ ವರ್ಷ ಅದಕ್ಕೆ ಮುಂಚೆ ಇನ್ನೊಂದು ಕೈಯೂ ಮುರಿದಿತ್ತೆಂದು ಅವನ ತಾಯಿ ಆಗ ಹೇಳಿದಳು. ದೂರದ ನಗರದ ಆಸ್ಪತ್ರೆಯಲ್ಲಿ ರಕ್ತವನ್ನು ಪರೀಕ್ಷಿಸಿ, ಕರುಳಿನ ಚೂರನ್ನು ತೆಗೆದು ನೋಡಿ, ರೋಗವನ್ನು ನಿರ್ಣಯಿಸಿದರು. ಔಷಧವೆಂದರೆ ಗೋಧಿಯನ್ನು ಜನ್ಮಪೂರ್ತಿ ಬಿಡುವುದು. ಜೊತೆಗೆ ಕ್ಯಾಲ್ಸಿಯಂ, ಡಿ ಜೀವಸತ್ವ.

ಚಪಾತಿಯನ್ನಲ್ಲದೆ ಬೇರೊಂದನ್ನು ಅರಿಯದ ಆ ತಾಯಿಯು, “ಇನ್ನು ಮಗನಿಗೆ ಏನನ್ನು ಉಣಿಸಲಿ?” ಎಂದು ಅತ್ತಳು. ಅದಕ್ಕೆ ಉತ್ತರ ದೊರೆತುದು ನೆರೆಮನೆಯಲ್ಲಿ. ಆ ಮನೆಯ ಹಿರಿಯಾಕೆಯು ಅವಳನ್ನು ಒಲೆಯ ಮುಂದೆ ಕುಳ್ಳಿರಿಸಿಕೊಂಡು, ಬಿಸಿನೀರಿನಲ್ಲಿ ಜೋಳದ ಹಿಟ್ಟನ್ನು ನಾದಿ ರೊಟ್ಟಿ ತಟ್ಟುವುದನ್ನು ಕಲಿಸಿದಳು. ನಮ್ಮ ಬಿಳಿಜೋಳದಲ್ಲಿ ಗ್ಲುಟೆನ್ ಇಲ್ಲ. ಅದರ ರೊಟ್ಟಿಯನ್ನು ಲಟ್ಟಿಸಲಾಗದೆ ತಟ್ಟಬೇಕಾಗಿರುವುದೂ ಆ ಜಿಗುಟು ಇಲ್ಲದುದರಿಂದಲೇ. ಮೂರು ತಿಂಗಳಾದರೂ ಹುಡುಗನು ಪೂರ್ತಿ ಸುಧಾರಿಸಲಿಲ್ಲ. ವಿಚಾರಿಸಲು, ಜೋಳವನ್ನು ಬೀಸುತ್ತಿದ್ದ ಗಿರಣಿಯಲ್ಲಿ ಅದಕ್ಕೆ ಮುಂಚೆ ಗೋಧಿಯನ್ನು ಬೀಸುತ್ತಿದ್ದರೆಂದು ತಿಳಿದುಬಂದಿತು. ಆ ಹಿರಿಯಾಕೆಯು ಅಟ್ಟದ ಮೇಲಿದ್ದ ತನ್ನ ಬೀಸುವ ಕಲ್ಲನ್ನು ಇಳಿಸಿಕೊಟ್ಟಳು. ಮರುವರ್ಷ ಹುಡುಗನ ಅಂಗಿಗಳು ಗಿಡ್ಡವಾದುವು. ಕವಾಯತಿನಲ್ಲಿ ಅವನು ಕುಳಿತುಕೊಳ್ಳಲಿಲ್ಲ.

ದಕ್ಷಿಣದಲ್ಲಿ ಈ ರೋಗವು ವಿರಳ. 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಉತ್ತರಭಾರತದ ಪ್ರದೇಶದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10 ಎಂದು ಕಂಡುಬಂದಿತು. ರೋಗಕ್ಕೆ ಎಡೆಗೊಡುವ ವಂಶಬೀಜವು ಮೂರೂ ಕಡೆ ಸುಮಾರು ಸಮವಾಗಿದ್ದು, ಗೋಧಿಯ ಸೇವನೆಯಲ್ಲಿ ಮಾತ್ರ ಮಹದಂತರವಿತ್ತು. ಎಂದರೆ ನಮ್ಮ ಮಕ್ಕಳನ್ನು ಇದುವರೆಗೆ ಕಾಪಾಡಿದುದರಲ್ಲಿ ನಮ್ಮ ಅಡಿಗೆಮನೆಗೂ ಪಾಲಿರಬಹುದು. ಹಿಂದೆ ನಮ್ಮಲ್ಲಿ ಗೋಧಿಯು ಹೋಳಿಗೆಗೂ ಮಾದಲಿಗೂ ಜಾತ್ರೆಯ ಹುಗ್ಗಿಗೂ ಮೀಸಲಾದ ಹಬ್ಬದ ಧಾನ್ಯವಾಗಿದ್ದಿತು. ಇಂದು ಬಿಸ್ಕತ್ತು, ಬ್ರೆಡ್ಡು, ಮೈದಾಗಳ ರೂಪದಲ್ಲಿ ಅದು ದಿನದಿನದ ತಿನಿಸಾಗಿದೆ. ಅಂಗಡಿಯ ಕೂಟುಹಿಂಗಿನಲ್ಲಿ ಸಹ ಗೋಧಿಯ ಹಿಟ್ಟು ಸೇರಿರುವುದುಂಟು. ವಿರಳವೆಂದರೆ ಇಲ್ಲವೆಂದಲ್ಲ, ವಿರಳವಾದುದರಿಂದಲೇ ಅದನ್ನು ಯಾರೂ ನೆನೆಯುವುದಿಲ್ಲ.

ಹಾಗೆಂದು ಎಲ್ಲ ಮಕ್ಕಳಿಗೂ ಗೋಧಿಯನ್ನು ನಿಷೇಧಿಸಬೇಕೆಂದು ನಾನು ಹೇಳುವುದಿಲ್ಲ. ಸಂದೇಹವುಳ್ಳವರು ಪರೀಕ್ಷೆಗೆ ಮುಂಚೆ ತಾವೇ ಗೋಧಿಯನ್ನು ಬಿಡಿಸಲೂಬಾರದು. ಬಿಡಿಸಿದರೆ ರೋಗವಿದ್ದರೂ ಪರೀಕ್ಷೆಯಲ್ಲಿ ಮರೆಯಾಗಬಹುದು. ಜೋಳವೊಂದರಿಂದಲೇ ಎಲುಬು ತುಂಬುವುದೂ ಇಲ್ಲ, ಅದರಲ್ಲಿ ಕ್ಯಾಲ್ಸಿಯಂ ಸ್ವಲ್ಪವೇ. ಹಾಲು ಮೊಸರು ಬೇಕು, ಬಿಸಿಲಿನಲ್ಲಿ ಆಟ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 344 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು. ಎಳ್ಳಿನಲ್ಲಿ ಅದಕ್ಕಿಂತಲೂ ಬಹಳ ಹೆಚ್ಚು. ಸಂಕ್ರಾಂತಿಯ ಭೋಗಿಯ ದಿನ ನಮ್ಮ ತಾಯಂದಿರು ಎಳ್ಳು ಹಚ್ಚಿ ತಟ್ಟುವ ಸಜ್ಜೆಯ ರೊಟ್ಟಿಯನ್ನು ನೆನೆಯಿರಿ. ಗೋಧಿಯಿಲ್ಲದ ಧಾನ್ಯವೂ ಎಲುಬಿನ ಆಹಾರವೂ ಅದರಲ್ಲಿ ಒಂದೆಡೆ ಕೂಡಿರುವುವು.

ಕಾಗಿಣಾ ತೀರದ ಮಳಖೇಡವು ಮಾನ್ಯಖೇಟವೆಂಬ ರಾಜಧಾನಿಯಾಗಿದ್ದಾಗ, ಉಗ್ರಾದಿತ್ಯನೆಂಬ ಜೈನ ವೈದ್ಯನು ನೃಪತುಂಗನ ಸಭೆಯಲ್ಲಿ ಆಹಾರದ ಹಿತಾಹಿತವನ್ನು ಕುರಿತು ವಾದಿಸಿದನೆಂದೂ, ಆ ವಾದವು ಅವನ ಕಲ್ಯಾಣಕಾರಕವೆಂಬ ಗ್ರಂಥದ ಕೊನೆಯಲ್ಲಿರುವುದೆಂದೂ ವಿದ್ವಾಂಸರು ಗುರುತಿಸಿರುವರು. ಅವನ ವಿಷಯವು ಮಾಂಸ, ನಮ್ಮದು ಗೋಧಿ. ಆದರೆ ಉಣ್ಣುವ ಅನ್ನವನ್ನು ವಿಚಾರಿಸಿ ಉಣ್ಣಬೇಕೆಂಬ ಮಾತು ಈ ನೆಲಕ್ಕೆ ಹೊಸದಲ್ಲ.

ಎಲುಬಿನ ಸಂಚಯವು ಬಾಲ್ಯಯೌವನಗಳಲ್ಲಿಯೇ ಬಹುಮಟ್ಟಿಗೆ ಮುಗಿಯುವುದು. ಬೇಗನೆ ಕಂಡುಹಿಡಿದು ಪಥ್ಯವನ್ನು ಕಟ್ಟುನಿಟ್ಟಾಗಿ ನಡೆಸಿದ ಮಕ್ಕಳಲ್ಲಿ ಅಸ್ಥಿಬಲವು ಬಹುತೇಕ ಮರಳಿ ಬರುವುದು. ವಯಸ್ಸು ಮೀರಿದ ಮೇಲೆ ಅಷ್ಟು ಪೂರ್ತಿಯಾಗಿ ಬಾರದು. ಆದುದರಿಂದ ಮನೆಯ ಹಿರಿಯರಲ್ಲಿಯೂ ನನ್ನ ವೃತ್ತಿಬಾಂಧವರಲ್ಲಿಯೂ ಒಂದೇ ಅರಿಕೆ: ವಯಸ್ಸಿಗೆ ತಕ್ಕಂತೆ ಬೆಳೆಯದ ಮಗುವು ಕಾಲುನೋವೆಂದಾಗ ಗದರದೆ ವೈದ್ಯರಲ್ಲಿಗೆ ಕರೆದೊಯ್ಯಿರಿ; ಜಾತ್ರೆಯಲ್ಲಿ ಹುಗ್ಗಿಯನ್ನು ಒಲ್ಲೆನೆಂಬ ಮಗುವನ್ನು ಬಲವಂತಪಡಿಸದಿರಿ. ನಾನು ಬೆಂಚಿನ ಮೇಲೆ ನಿಲ್ಲಿಸಿದ ಆ ಕಾಲುಗಳು ಸುಳ್ಳಾಡಿರಲಿಲ್ಲ. ಇತ್ಯಲಂ.