ಶಿಶುವಿಹಾರದಲ್ಲಿ ವಾಸ್ತುಶಿಲ್ಪ: ಫ್ರೋಬೆಲ್ ಮಹಾಶಯನ ಮರದ ತುಂಡುಗಳು

ವಾಸ್ತುಶಿಲ್ಪವೆಂದರೆ ಬೆಳೆದವರ ವಿದ್ಯೆ, ಗಣಿತವನ್ನೂ ನಕ್ಷೆಯನ್ನೂ ಬಲ್ಲವರಿಗೆ ಮಾತ್ರ ನಿಲುಕುವಂತಹದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ನಾಲ್ಕೈದು ವರ್ಷದ ಮಕ್ಕಳು ಒದ್ದೆ ಮರಳಿನಲ್ಲಿ ಪಾದವನ್ನಿಟ್ಟು, ಮೇಲೆ ಮರಳನ್ನು ತಟ್ಟಿ, ಮೆಲ್ಲನೆ ಕಾಲನ್ನೆಳೆದುಕೊಂಡು ಗುಬ್ಬಿಗೂಡನ್ನು ಕಟ್ಟುವುದನ್ನು ಯಾರು ಕಂಡಿಲ್ಲ? ಕಮಾನು ಭಾರವನ್ನು ಹೊರುವ ಬಗೆಯನ್ನು ಅವರ ಅಂಗೈ ಆಗಲೇ ಅರಿತಿರುತ್ತದೆ. ಈ ಸಹಜ ಪ್ರವೃತ್ತಿಯನ್ನು ಪಾಠಶಾಲೆಯೊಳಕ್ಕೆ ಬರಮಾಡಿಕೊಂಡು, ಅದಕ್ಕೊಂದು ಕ್ರಮವನ್ನು ಕಲ್ಪಿಸಿದ ಕೀರ್ತಿ ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲನಿಗೆ ಸಲ್ಲಬೇಕು. ಆತನ ವೃತ್ತಾಂತವು ಗಡಿನಾಡಿನ ಕನ್ನಡ ಶಾಲೆಗಳ ಹಿತವನ್ನು ಬಯಸುವ ನಮಗೂ ಮನನಯೋಗ್ಯವಾದುದು.

ಫ್ರೋಬೆಲನು ಹುಟ್ಟಿದುದು ೧೭೮೨ರಲ್ಲಿ, ತುರಿಂಗಿಯಾ ಪ್ರಾಂತದಲ್ಲಿ. ಕೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡ ಆತನು ಅರಣ್ಯಾಧಿಕಾರಿಯೊಬ್ಬನ ಬಳಿ ಕೆಲಕಾಲ ಕೆಲಸ ಕಲಿತನು. ೧೮೦೫ರಲ್ಲಿ ಫ್ರಾಂಕ್‌ಫರ್ಟ್ ನಗರಕ್ಕೆ ಬಂದುದು ವಾಸ್ತುಶಿಲ್ಪವನ್ನು ಅಭ್ಯಾಸಮಾಡಬೇಕೆಂದು. ಆದರೆ ಗ್ರೂನರನೆಂಬ ಶಿಕ್ಷಣತಜ್ಞನ ಒತ್ತಾಯಕ್ಕೆ ಕಟ್ಟುಬಿದ್ದು ಅಲ್ಲಿನ ಮಾದರಿ ಶಾಲೆಯಲ್ಲಿ ಉಪಾಧ್ಯಾಯನಾದನು. ಮುಂದೆ ಬರ್ಲಿನ್ನಿನ ಖನಿಜ ಸಂಗ್ರಹಾಲಯದಲ್ಲಿ ಸ್ಫಟಿಕಗಳ ಆಕಾರಗಳನ್ನು ಪರಿಶೀಲಿಸುತ್ತ ಕೆಲವು ಕಾಲ ಕಳೆದನು. ಕಟ್ಟಡದ ಮೇಲಣ ಆಸೆ, ಸ್ಫಟಿಕಗಳ ಪರಿಚಯ, ಮಕ್ಕಳ ಒಡನಾಟ ಈ ಮೂರೂ ಕೂಡಿ ಫಲಿಸಿದುದು ೧೮೩೭ರಲ್ಲಿ ಬ್ಲಾಂಕೆನ್‌ಬುರ್ಗಿನಲ್ಲಿ ಆತನು ತೆರೆದ ಶಿಶುಶಿಕ್ಷಣ ಸಂಸ್ಥೆಯಾಗಿ. ೧೮೪೦ರಲ್ಲಿ ಆತನೇ ಇದಕ್ಕೆ ‘ಮಕ್ಕಳ ತೋಟ’ವೆಂಬ ಅರ್ಥದ ‘ಕಿಂಡರ್‌ಗಾರ್ಟನ್’ ಎಂಬ ಹೆಸರನ್ನಿಟ್ಟನು.

ಈ ತೋಟದಲ್ಲಿ ಮಕ್ಕಳ ಕೈಗೆ ದೊರೆಯುತ್ತಿದ್ದ ಸಾಧನಗಳಿಗೆ ‘ಕೊಡುಗೆ’ಗಳೆಂದು ಹೆಸರು. ಮೂರರಿಂದ ಆರರವರೆಗಿನ ಕೊಡುಗೆಗಳು ಕಟ್ಟುವುದಕ್ಕಾಗಿಯೇ ಮೀಸಲು. ಮೂರನೆಯದು ಎರಡಂಗುಲದ ಒಂದು ಮರದ ಘನ; ಅದನ್ನು ಬಿಡಿಸಿದರೆ ಒಂದಂಗುಲದ ೮ ಘನಗಳು. ನಾಲ್ಕನೆಯದು ಅಷ್ಟೇ ದೊಡ್ಡದು; ಆದರೆ ಬಿಡಿಸಿದರೆ ೮ ಇಟ್ಟಿಗೆಯಾಕಾರದ ತುಂಡುಗಳು, ಒಂದೊಂದೂ ಎರಡಂಗುಲ ಉದ್ದ, ಒಂದಂಗುಲ ಅಗಲ, ಅರ್ಧ ಅಂಗುಲ ದಪ್ಪ. ಐದನೆಯದರಲ್ಲಿ ಮೂರಂಗುಲದ ಘನವು ೨೭ ಸಣ್ಣ ಘನಗಳಾಗಿ, ಅವುಗಳಲ್ಲಿ ಕೆಲವು ಮೂಲೆಯಿಂದ ಮೂಲೆಗೆ ಸೀಳಲ್ಪಟ್ಟು ಒಟ್ಟು ೩೯ ತುಂಡುಗಳಾಗುತ್ತವೆ. ಈ ಓರೆ ತುಂಡುಗಳಿಂದಲೇ ಮಗುವಿಗೆ ಇಳಿಜಾರಾದ ಮಾಡು ದೊರೆಯಿತು. ಆರನೆಯದರಲ್ಲಿ ಕಂಬಗಳೂ ಚಪ್ಪಟೆಯಾದ ಪೀಠಗಳೂ ಬಂದವು.

ಇವುಗಳಿಗಿಂತಲೂ ಮುಖ್ಯವಾದುದು ಆತನು ವಿಧಿಸಿದ ನಿಯಮ. ಒಂದು ಕೊಡುಗೆಯ ಎಲ್ಲ ತುಂಡುಗಳನ್ನೂ ಬಳಸಬೇಕು, ಒಂದೂ ಹೊರಗುಳಿಯಬಾರದು. ಕಟ್ಟಿದುದನ್ನು ಕೆಡವಿ ಹಾಕದೆ, ಒಂದೆರಡು ತುಂಡುಗಳನ್ನು ಸರಿಸಿಯೇ ಮತ್ತೊಂದು ರೂಪವನ್ನು ಪಡೆಯಬೇಕು. ಬಾವಿ, ಸೇತುವೆ, ಮನೆ ಇವು ಬದುಕಿನ ರೂಪಗಳು. ಎಣಿಕೆ ಭಾಗಾಕಾರಗಳನ್ನು ತೋರುವುವು ಜ್ಞಾನದ ರೂಪಗಳು. ಹೂವಿನಂತೆ, ರಂಗವಲ್ಲಿಯಂತೆ ಸಮನಾಗಿ ಹರಡುವುವು ಸೌಂದರ್ಯದ ರೂಪಗಳು. ಇಟ್ಟಿಗೆಯ ಮೇಲೆ ಇಟ್ಟಿಗೆಯನ್ನು ಸಂದಿಗೆ ಸಂದು ಕೂಡುವಂತೆ ಇಟ್ಟರೆ ಗೋಡೆ ಬಿರಿಯುತ್ತದೆ, ಸಂದನ್ನು ಮುಚ್ಚಿ ಇಟ್ಟರೆ ನಿಲ್ಲುತ್ತದೆ ಎಂಬ ಪಾಠವನ್ನು ಗುರುಗಳು ಬಾಯಲ್ಲಿ ಹೇಳಬೇಕಾಗಿಯೇ ಇಲ್ಲ. ಮಗುವಿನ ಕೈಯೇ ಅದನ್ನು ಕಂಡುಕೊಳ್ಳುತ್ತದೆ.

ಇಂತಹ ನಿರಪಾಯಕರವಾದ ಶಿಕ್ಷಣವನ್ನೂ ಪ್ರಷ್ಯದ ಸರಕಾರವು ನಾಸ್ತಿಕತೆಯ ಆರೋಪವನ್ನು ಹೊರಿಸಿ ೧೮೫೧ರಲ್ಲಿ ನಿಷೇಧಿಸಿತು. ಮರುವರ್ಷವೇ ಫ್ರೋಬೆಲನು ತೀರಿಕೊಂಡನು. ನಿಷೇಧವು ತೊಲಗಿದುದು ೧೮೬೦ರಲ್ಲಿ. ಅಷ್ಟರೊಳಗೆ ಮಕ್ಕಳ ತೋಟವು ಕಡಲನ್ನು ದಾಟಿಯಾಗಿತ್ತು. ಅಮೇರಿಕದ ವಿಸ್ಕಾನ್ಸಿನ್ ಸಂಸ್ಥಾನದ ವಾಟರ್‌ಟೌನಿನಲ್ಲಿ ೧೮೫೬ರಲ್ಲಿ ಮಾರ್ಗರೆಟೆ ಶೂರ್ಜ್ ಎಂಬಾಕೆ ತೆರೆದ ಶಿಶುವಿಹಾರವು ಆ ದೇಶದಲ್ಲಿಯೇ ಮೊದಲನೆಯದು. ಅಲ್ಲಿ ಪಾಠ ನಡೆದುದು ಜರ್ಮನ್ ಭಾಷೆಯಲ್ಲಿ!

೧೮೭೬ರಲ್ಲಿ ಫಿಲಡೆಲ್ಫಿಯ ನಗರದ ಮಹಾಪ್ರದರ್ಶನದಲ್ಲಿ ಈ ಕೊಡುಗೆಗಳನ್ನು ಕಂಡ ಉಪಾಧ್ಯಾಯಿನಿಯೊಬ್ಬಳು ಅವುಗಳನ್ನು ತನ್ನ ಮಗನಿಗೆ ತಂದುಕೊಟ್ಟಳು. ಆ ಬಾಲಕನೇ ಮುಂದೆ ಲೋಕವಿಖ್ಯಾತ ವಾಸ್ತುಶಿಲ್ಪಿಯಾದ ಫ್ರಾಂಕ್ ಲಾಯ್ಡ್ ರೈಟ್. ಆ ಮರದ ತುಂಡುಗಳ ಋಣವನ್ನು ೧೯೩೨ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಆತನು ಸ್ಮರಿಸಿದ್ದಾನೆ. ಬಕ್‌ಮಿನ್‌ಸ್ಟರ್ ಫುಲ್ಲರನ ಸಂಗತಿಯೂ ಸ್ವಾರಸ್ಯವಾದುದು. ದೃಷ್ಟಿದೋಷವಿದ್ದ ಆ ಬಾಲಕನಿಗೆ ಶಿಶುವಿಹಾರದಲ್ಲಿ ಬಟಾಣಿ ಕಾಳುಗಳನ್ನೂ ಕಡ್ಡಿಗಳನ್ನೂ ಕೊಟ್ಟರು. ಇತರ ಮಕ್ಕಳು ಚೌಕಗಳನ್ನು ಕಟ್ಟಿದರೆ, ಇವನು ಬೆರಳಿನಿಂದ ತಡವಿ ನೋಡಿ ಅಲುಗದೆ ನಿಲ್ಲುವ ತ್ರಿಕೋನಗಳನ್ನೇ ಕಟ್ಟಿದನಂತೆ. ತ್ರಿಕೋನಗಳಿಂದ ಕೂಡಿದ ಗೋಳಾಕಾರದ ಮಂಟಪಗಳಿಂದಲೇ ಆತನು ಮುಂದೆ ಹೆಸರಾದನು. ಕೊಡುಗೆಗಳಿಂದಲೇ ಮಹಾಶಿಲ್ಪಿಗಳು ಹುಟ್ಟುವರೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಎಳವೆಯಲ್ಲಿ ಕೈ ಕಲಿತುದನ್ನು ಬುದ್ಧಿ ಮರೆಯದೆಂಬುದಕ್ಕೆ ಇವು ಸಾಕ್ಷಿ.

ಇನ್ನು ನಮ್ಮ ಮಾತು. ವಾಟರ್‌ಟೌನಿನ ಜರ್ಮನರು ಊರು ಬಿಟ್ಟು ಹೋದವರು. ಆದರೂ ಮಕ್ಕಳ ಕೈಗೆ ಮರದ ತುಂಡನ್ನಿತ್ತಾಗ ನಾಲಗೆಗೆ ತಮ್ಮ ನುಡಿಯನ್ನೇ ಇತ್ತರು. ಕಾಸರಗೋಡಿನ ಕನ್ನಡಿಗರಾದ ನಾವಾದರೋ ಎಲ್ಲಿಗೂ ಹೋದವರಲ್ಲ. ೧೯೫೬ನೆಯ ನವೆಂಬರ್ ೧ರಂದು ಗಡಿಯೇ ನಮ್ಮನ್ನು ದಾಟಿತು. ನಮ್ಮ ಮನೆಗಳಲ್ಲಿ ಪಂಚಾಂಗ, ಜಗಲಿ, ಚಾವಡಿ, ದಾರಂದ, ಹೊಸ್ತಿಲು, ತೊಲೆ, ಪಕ್ಕಾಸು, ರೀಪು ಎಂಬ ಹೆಸರುಗಳು ತಲೆಮಾರುಗಳಿಂದ ಬಾಳಿಬಂದವು. ಕಾಂಕ್ರೀಟಿನ ಮನೆಗಳು ಎದ್ದಂತೆಲ್ಲ ಈ ವಸ್ತುಗಳು ಮರೆಯಾಗುತ್ತಿವೆ. ವಸ್ತುವಿನೊಡನೆ ಶಬ್ದವೂ ಅಳಿಯುತ್ತಿದೆ. ನಿಘಂಟಿನಲ್ಲಿ ಉಳಿದ ಶಬ್ದವು ಮಗುವಿನ ಬಾಯಿಗೆ ಬಾರದು.

ಆದುದರಿಂದ ನಮ್ಮ ಕಿರಿಯ ತರಗತಿಗಳಲ್ಲಿ ಈ ಪ್ರಯೋಗವು ನಡೆಯಬೇಕು. ಊರಿನ ಬಡಗಿಯೊಬ್ಬನು ಒಂದೇ ಹಗಲಿನಲ್ಲಿ ನಾಲ್ಕನೆಯ ಕೊಡುಗೆಯನ್ನು ಮಾಡಿಕೊಡಬಲ್ಲನು. ಅದನ್ನು ಮುರಕಲ್ಲೆಂದು ಭಾವಿಸಿ ಮಕ್ಕಳು ಗೋಡೆಯನ್ನು ಕಟ್ಟಲಿ. ಕಡ್ಡಿಗಳಿಂದ ಪಕ್ಕಾಸನ್ನು ನಿಲ್ಲಿಸಿ, ಅಡ್ಡತೊಲೆಯಿಲ್ಲದಿದ್ದರೆ ಮಾಡು ಏಕೆ ಅಗಲಿಬೀಳುತ್ತದೆಂಬುದನ್ನು ಕಾಣಲಿ. ಬಳಿಕ ಅವರನ್ನು ಮುರಕಲ್ಲಿನ ಬೇಕಲಕೋಟೆಗೂ, ಆನೆಯ ಬೆನ್ನಿನಾಕಾರದ ಮಧೂರು ದೇವಾಲಯಕ್ಕೂ ಕರೆದೊಯ್ದು, ತಾವು ಕಟ್ಟಿದುದನ್ನೇ ಹಿರಿದಾಗಿ ಕಾಣುವಂತೆ ಮಾಡೋಣ. ಒಂದೊಂದು ತುಂಡನ್ನು ಇಡುವಾಗಲೂ ಅದರ ಹೆಸರನ್ನು ಕನ್ನಡದಲ್ಲಿ ಹೇಳಿಸೋಣ. ಸಂಘದ ಹಿರಿಯರು ಪ್ರತಿಯೊಂದು ಕನ್ನಡ ಶಾಲೆಗೂ ಇಂತಹ ಒಂದು ಪೆಟ್ಟಿಗೆಯನ್ನು ಒದಗಿಸಿಕೊಟ್ಟರೆ, ಈ ವಾರ್ಷಿಕೋತ್ಸವದ ನೆನಪು ಮಕ್ಕಳ ಕೈಯಲ್ಲಿಯೂ ನಾಲಗೆಯಲ್ಲಿಯೂ ಉಳಿದೀತು.