ಝೂರಿಕ್‌ನ ಸಾಸೇಜ್, ನಮ್ಮಜ್ಜಿಯ ಒಣಖಂಡ



ಕಳೆದ ವರ್ಷ ಪಾಸ್ಖ ಹಬ್ಬ ಕಳೆದ ಮೇಲೆ ಒಂದು ಭಾನುವಾರ ರಾಯದುರ್ಗದ ಯುವಜನರೂ ಮಡಕಶಿರದ ಯುವಜನರೂ ಒಟ್ಟಿಗೆ ಸೇರಿದ್ದೆವು. ಬಲಿಪೂಜೆ ಮುಗಿದ ಮೇಲೆ ಎಲ್ಲರೂ ಮನೆಯಿಂದ ತಂದ ಬುತ್ತಿ ಬಿಚ್ಚಿ ಊಟಕ್ಕೆ ಕೂತೆವು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಇಬ್ಬರು ಚಿಕನ್ ಸಾಸೇಜ್ ಪ್ಯಾಕೆಟ್ ತಂದು ಅಲ್ಲೇ ಹುರಿದರು. ನಾವೆಲ್ಲ ಫೋಟೊ ತೆಗೆದಿದ್ದೇ ತೆಗೆದಿದ್ದು. ಅಷ್ಟರಲ್ಲಿ ಅಗಳಿ ಕಡೆಯಿಂದ ಬಂದಿದ್ದ ಒಬ್ಬ ತಂಗಿ ತನ್ನ ಡಬ್ಬಿ ತೆರೆದಳು. ಅದರಲ್ಲಿ ಅವಳ ಅಜ್ಜಿ ಕಟ್ಟಿಕೊಟ್ಟಿದ್ದ ಒಣಖಂಡದ ಹುರುಕಲು ಇತ್ತು. ವಾಸನೆಗೆ ಯಾರೋ ಮೂಗು ಮುಚ್ಚಿಕೊಂಡು ನಕ್ಕರು. ನಿಜ ಹೇಳಬೇಕೆಂದರೆ, ನಾವೂ ನಕ್ಕೆವು. ಅವಳು ಮುಚ್ಚಳ ಹಾಕಿ ಡಬ್ಬಿಯನ್ನು ಚೀಲಕ್ಕೆ ಸೇರಿಸಿದಳು. ಆಮೇಲೆ ಎರಡು ತಿಂಗಳು ಯುವಕೂಟಕ್ಕೆ ಬರಲಿಲ್ಲ.

ಕೊನೆಗೆ ಕ್ಷಮೆ ಕೇಳಲು ಅವರ ಮನೆಗೇ ಹೋದೆವು. ಅಜ್ಜಿ ಬೈಯಲಿಲ್ಲ. ಚಹಾ ಕೊಟ್ಟು, "ನೀವು ಅವತ್ತು ತಿಂದ್ರಂತಲ್ಲ ಸಾಸೇಜು, ಅದೇನಪ್ಪ ಅದು?" ಎಂದು ಕೇಳಿದರು. ಮಾಂಸವನ್ನು ಸಣ್ಣಗೆ ಕೊಚ್ಚಿ, ಉಪ್ಪು ಮಸಾಲೆ ಕಲಸಿ, ಕರುಳಿನಲ್ಲಿ ತುಂಬಿ ಇಡುತ್ತಾರೆ ಎಂದೆವು. ಅಜ್ಜಿ ಸ್ವಲ್ಪ ಯೋಚಿಸಿ, "ಹಂಗಾದ್ರೆ ಅದೂ ನಮ್ಮ ಒಣಖಂಡನೇ ಅಲ್ವೇನಪ್ಪಾ, ಮೇಲಿನ ಬಟ್ಟೆ ಬೇರೆ ಅಷ್ಟೇ" ಎಂದರು.

ಆ ಮಾತು ಮನೆಗೆ ಬಂದ ಮೇಲೂ ನಮ್ಮನ್ನು ಬಿಡಲಿಲ್ಲ. ಸಾಸೇಜಿನ ಚರಿತ್ರೆ ಓದುತ್ತಾ ಹೋದಂತೆ ಅಜ್ಜಿ ಹೇಳಿದ್ದು ಸರಿ ಎಂದು ಗೊತ್ತಾಯಿತು. ನಮ್ಮ ಧರ್ಮಸಭೆಯ ಚರಿತ್ರೆಯಲ್ಲೂ ಒಂದು ಸಾಸೇಜು ದೊಡ್ಡ ಗಲಾಟೆಯನ್ನೇ ಎಬ್ಬಿಸಿತ್ತು ಎಂದೂ ತಿಳಿಯಿತು. ಓದಿದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳುತ್ತಿದ್ದೇವೆ.

ಉಪ್ಪಿನಿಂದ ಬಂದ ಹೆಸರು

'ಸಾಸೇಜ್' ಎಂಬ ಪದದ ಬೇರು ಲ್ಯಾಟಿನ್ ಭಾಷೆಯ 'ಸಾಲ್ಸುಸ್'. ಅದರ ಅರ್ಥ 'ಉಪ್ಪು ಹಾಕಿದ್ದು' ಎಂದು, ಅಷ್ಟೇ. ಫ್ರಿಜ್ ಇಲ್ಲದ ಕಾಲದಲ್ಲಿ ಒಂದು ಪ್ರಾಣಿಯನ್ನು ಕಡಿದರೆ ಅಷ್ಟೂ ಮಾಂಸವನ್ನು ಒಂದೆರಡು ದಿನದಲ್ಲಿ ತಿಂದು ಮುಗಿಸಲು ಆಗುತ್ತಿರಲಿಲ್ಲ. ಕೆಡಿಸಿ ಬಿಸಾಡಲೂ ಮನಸ್ಸು ಬರುತ್ತಿರಲಿಲ್ಲ. ಮಾಂಸವನ್ನು ಕೊಳೆಸುವ ಬ್ಯಾಕ್ಟೀರಿಯಾ ಬೆಳೆಯಬೇಕಾದರೆ ನೀರು ಬೇಕು. ಉಪ್ಪು ಆ ನೀರನ್ನು ಹೊರಗೆ ಎಳೆಯುತ್ತದೆ. ಬಿಸಿಲು ಮತ್ತು ಗಾಳಿ ಉಳಿದ ತೇವವನ್ನು ಒಣಗಿಸುತ್ತವೆ. ಬಿಸಿಲು ಕಡಿಮೆ ಇರುವ ಕಡೆ ಹೊಗೆ ಕೊಡುತ್ತಾರೆ, ಕೆಲವು ಕಡೆ ಹುಳಿ ಸೇರಿಸುತ್ತಾರೆ. ಉಪ್ಪು, ಬಿಸಿಲು, ಹೊಗೆ, ಹುಳಿ: ಲೋಕದ ಬಹುಪಾಲು ಹಳೆಯ ಸಾಸೇಜುಗಳೂ ಒಣಮಾಂಸಗಳೂ ಈ ನಾಲ್ಕರ ಲೆಕ್ಕದಲ್ಲೇ ಹುಟ್ಟಿದವು.

ಈ ಲೆಕ್ಕ ತಪ್ಪಿದರೆ ಪ್ರಾಣಕ್ಕೇ ಅಪಾಯ. 1820ರ ಸುಮಾರಿಗೆ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ ಕೆಟ್ಟ ಸಾಸೇಜ್ ತಿಂದು ಸತ್ತವರ ಬಗ್ಗೆ ಯುಸ್ಟಿನುಸ್ ಕೆರ್ನರ್ ಎಂಬ ವೈದ್ಯರು ವಿವರವಾಗಿ ಬರೆದರು. ಲ್ಯಾಟಿನ್‌ನಲ್ಲಿ ಸಾಸೇಜಿಗೆ 'ಬಾಟುಲುಸ್' ಎಂಬ ಹೆಸರೂ ಇದೆ. ಆ ಕಾಯಿಲೆಗೆ 'ಬಾಟುಲಿಸಂ' ಎಂಬ ಹೆಸರು ಬಂದದ್ದು ಅದರಿಂದಲೇ. ಹಾಗಾಗಿ ಎಷ್ಟು ಉಪ್ಪು, ಎಷ್ಟು ದಿನದ ಬಿಸಿಲು ಎಂದು ಕೈಯಳತೆಯಲ್ಲೇ ತಿಳಿದಿದ್ದ ಹಳೆಯ ಕಾಲದ ಹೆಂಗಸರ ಜ್ಞಾನ ಸಣ್ಣದಲ್ಲ.

ಲುಕಾನಿಯಾದಿಂದ ಗೋವಾದವರೆಗೆ

ಕುರಿ ಕಡಿದರೆ ನಮ್ಮ ಕಡೆ ತಲೆಕಾಲು, ಬೋಟಿ, ರಕ್ತ ಯಾವುದನ್ನೂ ಬಿಡುವುದಿಲ್ಲ. ಬೇರೆ ದೇಶಗಳಲ್ಲೂ ಹಾಗೇ. ಗ್ರೀಕರ ಹಳೆಯ ಕಾವ್ಯ 'ಒಡಿಸ್ಸಿ'ಯಲ್ಲೇ ಕೊಬ್ಬು, ರಕ್ತ ತುಂಬಿ ಬೆಂಕಿಯ ಮೇಲೆ ಸುಡುವ ಹೊಟ್ಟೆಯ ಚೀಲದ ಪ್ರಸ್ತಾಪ ಇದೆ. ಇಟಲಿಯ ದಕ್ಷಿಣದಲ್ಲಿ ಲುಕಾನಿಯಾ ಎಂಬ ಬಡ ಗುಡ್ಡಗಾಡು ಸೀಮೆ ಇತ್ತು. ಅಲ್ಲಿಯವರಿಂದ ಸಾಸೇಜ್ ಮಾಡುವುದನ್ನು ರೋಮಿನ ಸೈನಿಕರು ಕಲಿತರು ಎಂದು ವಾರೋ ಎಂಬ ರೋಮನ್ ಪಂಡಿತ ಬರೆದಿದ್ದಾನೆ. ಆ ಊರಿನ ಹೆಸರೇ ತಿನಿಸಿಗೂ ಬಂತು. ಗ್ರೀಸಿನ 'ಲುಕಾನಿಕೊ', ಸ್ಪೇನಿನ 'ಲಾಂಗನಿಸಾ', ಪೋರ್ಚುಗಲ್ಲಿನ 'ಲಿಂಗ್ವಿಸಾ' ಇವೆಲ್ಲ ಅದೇ ಹೆಸರಿನ ಮಕ್ಕಳು.

ಒಂದೊಂದು ದೇಶ ತನ್ನ ಹವೆಗೆ, ತನ್ನ ನಂಬಿಕೆಗೆ ತಕ್ಕಂತೆ ಅದನ್ನು ಬದಲಾಯಿಸಿಕೊಂಡಿತು. ಉತ್ತರ ಆಫ್ರಿಕಾದ ಮುಸ್ಲಿಮರು ಕುರಿಮಾಂಸದ 'ಮೆರ್ಗೆಜ್' ಮಾಡುತ್ತಾರೆ. ಚೀನಾದಲ್ಲಿ ಸಕ್ಕರೆ, ಸೋಯಾ ಸಾಸ್ ಸೇರಿಸಿ ಚಳಿಗಾಳಿಗೆ ಒಣಗಿಸುವ 'ಲಾಪ್ ಚಾಂಗ್' ಇದೆ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು. ಅವರ 'ಶೊರಿಸೊ' ಗೋವಾದ ಕ್ರೈಸ್ತರ ಅಡುಗೆಮನೆಯಲ್ಲಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ತೆಂಗಿನ ಸೇಂದಿಯ ವಿನಿಗರ್ ಸೇರಿ 'ಚೊರಿಸ್' ಆಯಿತು. ಆ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಬಂದ ಬೆಳೆಯೇ. ಚೊರಿಸ್‌ನಲ್ಲಿ ಒಂದು ಬಗೆಯನ್ನು ಸಣ್ಣ ಸಣ್ಣ ಗುಂಡುಗಳಾಗಿ ದಾರಕ್ಕೆ ಕಟ್ಟಿ ಜಪಮಾಲೆಯ ಹಾಗೆ ತೂಗುಹಾಕುತ್ತಾರೆ. ಅದಕ್ಕೆ ಜಪಮಾಲೆಯ ಹೆಸರೂ ಇದೆ, 'ರೋಸರಿ ಸಾಸೇಜ್' ಎಂದು.

ಇನ್ನು ಕರುಳಿಗೆ ತುಂಬದೆ ಬರೀ ಒಣಗಿಸುವವರೂ ಇದ್ದಾರೆ. ದಕ್ಷಿಣ ಆಫ್ರಿಕಾದ 'ಬಿಲ್ಟಾಂಗ್'ಗೆ ಉಪ್ಪು, ವಿನಿಗರ್, ಕೊತ್ತಂಬರಿ ಬೀಜ ಹಚ್ಚುತ್ತಾರೆ. ದಕ್ಷಿಣ ಅಮೆರಿಕದ ಬೆಟ್ಟದ ಜನರ ಒಣಮಾಂಸ 'ಚಾರ್ಕಿ'. ಇವತ್ತು ಸೂಪರ್ ಮಾರ್ಕೆಟ್‌ನಲ್ಲಿ ಮಾರುವ 'ಜರ್ಕಿ' ಎಂಬ ಹೆಸರು ಬಂದದ್ದು ಅದರಿಂದ. ನಮ್ಮ ಸೀಮೆ ಮಳೆ ಕಡಿಮೆ, ಬಿಸಿಲು ಜಾಸ್ತಿ. ಮಾಂಸವನ್ನು ಉದ್ದುದ್ದ ಎಳೆಯಾಗಿ ಸೀಳಿ, ಉಪ್ಪು ಅರಿಶಿನ ಹಚ್ಚಿ, ಹಗ್ಗದ ಮೇಲೆ ಹಾಕಿದರೆ ಸೂರ್ಯನೇ ಉಳಿದ ಕೆಲಸ ಮಾಡುತ್ತಾನೆ. ಯಾವ ಮಾಂಸ ಎಂಬುದು ಮನೆಯಿಂದ ಮನೆಗೆ ಬೇರೆ. ಸಂತೆಗೆ ಹೋಗಲು ಕೈಯಲ್ಲಿ ದುಡ್ಡಿಲ್ಲದ ದಿನ ನಾಲ್ಕು ತುಂಡು ಸಾರಿಗೆ ಬಿದ್ದರೆ ಮುದ್ದೆ ಇಳಿಯುತ್ತದೆ.

ಝೂರಿಕ್‌ನ ತಪಸ್ಸುಕಾಲ, 1522

ಈಗ ಧರ್ಮಸಭೆಯ ಕಥೆಗೆ ಬರೋಣ. ಆ ಕಾಲದ ಯುರೋಪಿನಲ್ಲಿ ತಪಸ್ಸುಕಾಲದ ನಲವತ್ತು ದಿನ ಮಾಂಸ ತಿನ್ನುವುದು ಧರ್ಮಸಭೆಯ ನಿಯಮಕ್ಕೆ ಮಾತ್ರವಲ್ಲ, ಊರಿನ ಕಾನೂನಿಗೂ ವಿರುದ್ಧ. 1522ರ ಮಾರ್ಚ್ 9, ತಪಸ್ಸುಕಾಲದ ಮೊದಲ ಭಾನುವಾರ. ಸ್ವಿಟ್ಜರ್ಲೆಂಡಿನ ಝೂರಿಕ್‌ನಲ್ಲಿ ಕ್ರಿಸ್ಟೋಫ್ ಫ್ರೋಶಾವರ್ ಎಂಬ ಮುದ್ರಕನ ಮನೆಯಲ್ಲಿ ಎರಡು ಹೊಗೆಯಾಡಿಸಿದ ಸಾಸೇಜುಗಳನ್ನು ಸಣ್ಣಗೆ ಹೆಚ್ಚಿ ಹಂಚಿದರು. ಫ್ರಾಂಕ್‌ಫರ್ಟ್ ಜಾತ್ರೆಯೊಳಗೆ ಪುಸ್ತಕ ಮುಗಿಸಬೇಕು, ಕೆಲಸಗಾರರು ಹಗಲೂ ರಾತ್ರಿ ದುಡಿಯುತ್ತಿದ್ದಾರೆ, ಬರೀ ಗಂಜಿ ಕುಡಿದು ಆಗುವುದಿಲ್ಲ ಎಂಬುದು ಅವನ ವಾದ. ಅವರು ಅಚ್ಚು ಹಾಕುತ್ತಿದ್ದದ್ದು ಸಂತ ಪೌಲರ ಪತ್ರಗಳನ್ನು!

ಆಗಿನ್ನೂ ಕಥೋಲಿಕ ಗುರುವಾಗಿದ್ದ ಹುಲ್ಡ್ರಿಕ್ ಜ್ವಿಂಗ್ಲಿ ಅಲ್ಲೇ ಇದ್ದರು. ಅವರು ತಿನ್ನಲಿಲ್ಲ. ಆದರೆ ನಗರಸಭೆ ಫ್ರೋಶಾವರ್‌ನನ್ನು ಬಂಧಿಸಿದಾಗ ಅವನ ಪರ ನಿಂತರು. ಮಾರ್ಚ್ 23ರಂದು ಊಟದ ಸ್ವಾತಂತ್ರ್ಯದ ಬಗ್ಗೆ ಪ್ರಬೋಧನೆ ಮಾಡಿದರು. ಏಪ್ರಿಲ್‌ನಲ್ಲಿ ಅದು ಪುಸ್ತಕವಾಗಿ ಬಂತು. ಉಪವಾಸ ಮಾಡುವವನು ಮಾಡಲಿ, ಆದರೆ ಅದನ್ನು ಬೇರೆಯವರ ಮೇಲೆ ಹೇರಬಾರದು ಎಂಬುದು ಅವರ ಮಾತಿನ ಸಾರ. ಕಾನ್‌ಸ್ಟನ್ಸ್‌ನ ಧರ್ಮಾಧ್ಯಕ್ಷರು ಒಪ್ಪಲಿಲ್ಲ. ಒಂದು ತುಂಡು ಸಾಸೇಜಿನಿಂದ ಎದ್ದ ಜಗಳದ ಹಿಂದೆ ದೊಡ್ಡ ಪ್ರಶ್ನೆಗಳೇ ಇದ್ದವು. ಕೆಲವೇ ವರ್ಷಗಳಲ್ಲಿ ಝೂರಿಕ್ ನಮ್ಮ ಧರ್ಮಸಭೆಯಿಂದ ಬೇರೆಯಾಯಿತು.

1529ರ ಜೂನ್‌ನಲ್ಲಿ ಕಪೆಲ್ ಎಂಬಲ್ಲಿ ಎರಡೂ ಕಡೆಯ ಸೈನ್ಯಗಳು ಎದುರುಬದುರು ನಿಂತವು. ಮುಖಂಡರು ಸಂಧಾನ ಮಾತಾಡುತ್ತಿರುವಾಗ ಸಾಮಾನ್ಯ ಸೈನಿಕರಿಗೆ ಹಸಿವು. ಕಥೋಲಿಕರ ಹತ್ತಿರ ಹಾಲಿತ್ತು, ಝೂರಿಕ್‌ನವರ ಹತ್ತಿರ ರೊಟ್ಟಿ ಇತ್ತು. ಗಡಿಯ ಮೇಲೆ ಒಂದು ದೊಡ್ಡ ಪಾತ್ರೆ ಇಟ್ಟು, ಹಾಲಿಗೆ ರೊಟ್ಟಿ ಮುರಿದು ಹಾಕಿ ಒಟ್ಟಿಗೆ ಉಂಡರು ಎಂಬ ಕಥೆಯನ್ನು ಸ್ವಿಸ್ ಜನ ಇಂದಿಗೂ ಹೇಳುತ್ತಾರೆ. ಆ ಸಲ ಯುದ್ಧ ತಪ್ಪಿತು. ಆದರೆ 1531ರಲ್ಲಿ ಮತ್ತೆ ಅಲ್ಲೇ ಯುದ್ಧವಾಗಿ ಜ್ವಿಂಗ್ಲಿ ಸತ್ತರು. ಒಂದೇ ಪಾತ್ರೆಯಲ್ಲಿ ಉಂಡದ್ದನ್ನು ಮೂರು ವರ್ಷವೂ ನೆನಪಿಡಲಾಗಲಿಲ್ಲ.

ಸಂತ ಪೌಲರು ಹೇಳುವುದೇನು?

ನಾವು ಕಥೋಲಿಕರು ತಪಸ್ಸುಕಾಲದ ಉಪವಾಸವನ್ನು ಬಿಟ್ಟಿಲ್ಲ, ಬಿಡುವುದೂ ಬೇಡ. 1966ರಲ್ಲಿ ಆರನೇ ಪೌಲ್ ಜಗದ್ಗುರುಗಳು ಹಳೆಯ ನಿಯಮಗಳನ್ನು ಹಗುರ ಮಾಡಿದರು. ಜೊತೆಗೆ, ಮನಸ್ಸು ತಿರುಗದ ಬರೀ ಹೊರಗಿನ ಉಪವಾಸ ಸಾಲದು, ಪ್ರಾರ್ಥನೆಯೂ ದಾನವೂ ಬೇಕು ಎಂದು ನೆನಪಿಸಿದರು. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸ ಇಂದಿಗೂ ನಮ್ಮ ಮೇಲಿದೆ.

ಆದರೆ ಫ್ರೋಶಾವರ್ ಅಚ್ಚು ಹಾಕುತ್ತಿದ್ದ ಅದೇ ಪತ್ರಗಳನ್ನು ಬಿಚ್ಚಿ ನೋಡಿ. ರೋಮನರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಸಂತ ಪೌಲರು ಇಬ್ಬರಿಗೂ ಬುದ್ಧಿ ಹೇಳುತ್ತಾರೆ. ತಿನ್ನುವವನು ತಿನ್ನದವನನ್ನು ಹೀಯಾಳಿಸಬಾರದು, ತಿನ್ನದವನು ತಿನ್ನುವವನ ಮೇಲೆ ತೀರ್ಪು ಕೊಡಬಾರದು. ಇಬ್ಬರನ್ನೂ ದೇವರು ಸ್ವೀಕರಿಸಿದ್ದಾರೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ಉಳ್ಳವರು ತಮ್ಮ ಬುತ್ತಿ ತಾವು ತಿಂದು ಇಲ್ಲದವರನ್ನು ನಾಚಿಕೆಪಡಿಸುತ್ತಿದ್ದರು. ಪ್ರಭುವಿನ ಭೋಜನಕ್ಕೆ ಸೇರಿದ ಜಾಗದಲ್ಲೇ ಹೀಗೆ ಮಾಡುತ್ತೀರಲ್ಲ ಎಂದು ಪೌಲರು ಗದರುತ್ತಾರೆ. ಅದನ್ನು ಓದುವಾಗ ಆ ಭಾನುವಾರ, ಆ ಮುಚ್ಚಿದ ಡಬ್ಬಿ ನಮ್ಮ ಕಣ್ಣ ಮುಂದೆ ಬಂತು.

ನಾವು ಗಡಿಯ ಜನ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಮೈಸೂರಿಗೆ ಹೋಯಿತು, ರಾಯದುರ್ಗ ಆಂಧ್ರದಲ್ಲಿ ಉಳಿದು ಅನಂತಪುರ ಜಿಲ್ಲೆಗೆ ಸೇರಿತು. 2022ರಲ್ಲಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತೆಲುಗು. ಓದಲು, ದುಡಿಯಲು ಬೆಂಗಳೂರಿಗೆ ಹೋದರೆ ರೂಮ್ ಕೊಡುವವರು ಮೊದಲು ಕೇಳುವುದು ನಾವು ಏನು ತಿನ್ನುತ್ತೇವೆ ಎಂದು. ಹೊರಗೆ ಆ ಪ್ರಶ್ನೆ ಎಷ್ಟು ಚುಚ್ಚುತ್ತದೆ ಎಂದು ನಮಗೆ ಗೊತ್ತು. ಹಾಗಿದ್ದೂ ದೇವಾಲಯದ ಅಂಗಳದಲ್ಲಿ ನಮ್ಮವಳಿಗೇ ಅದನ್ನು ಮಾಡಿದೆವು. ಪ್ಯಾಕೆಟ್‌ನಲ್ಲಿ ಬಂದದ್ದಕ್ಕೆ ಫೋಟೊ, ಅಜ್ಜಿ ಕೈಯಲ್ಲಿ ಬಂದದ್ದಕ್ಕೆ ನಗು. ಎರಡೂ ಉಪ್ಪು ಹಾಕಿದ ಮಾಂಸವೇ ಆಗಿತ್ತು.

ಆ ತಂಗಿ ಈಗ ಮತ್ತೆ ಬರುತ್ತಿದ್ದಾಳೆ. ಈ ಸಲ ಪಾಸ್ಖ ಹಬ್ಬದ ನಂತರದ ಊಟಕ್ಕೆ ಒಂದು ತೀರ್ಮಾನ ಮಾಡಿದ್ದೇವೆ. ಪ್ರತಿಯೊಬ್ಬರೂ ಮನೆಯ ಹಿರಿಯರನ್ನು ಕೇಳಿ, ಕಷ್ಟಕಾಲದಲ್ಲಿ ಅವರನ್ನು ಸಾಕಿದ ಒಂದು ತಿನಿಸು ಮಾಡಿಸಿಕೊಂಡು ಬರಬೇಕು. ಅದು ಒಣಖಂಡ ಇರಬಹುದು, ಹುರುಳಿ ಸಾರು ಇರಬಹುದು, ಬರೀ ಅಂಬಲಿಯೂ ಇರಬಹುದು. ಮಾಂಸ ತಿನ್ನದವರಿಗೆ ಬೇರೆ ಸೌಟು ಇರುತ್ತದೆ, ಬೇರೆ ಸಾಲು ಇರುವುದಿಲ್ಲ. ಅಗಳಿಯ ಅಜ್ಜಿಯನ್ನೂ ಕರೆದಿದ್ದೇವೆ. ಊಟಕ್ಕೆ ಮುಂಚಿನ ಪ್ರಾರ್ಥನೆ ಅವರೇ ಹೇಳಲಿದ್ದಾರೆ.

ನೀವೂ ಬನ್ನಿ. ಡಬ್ಬಿ ತನ್ನಿ. ಮುಚ್ಚಳ ತೆಗೆಯಲು ಹಿಂಜರಿಯಬೇಡಿ.