ಕಾರವಾರ

ಉತ್ತರ ಕನ್ನಡ ಜಿಲ್ಲೆಯ ಆಡಳಿತ ಕೇಂದ್ರ. ಕಾಳಿ ನದಿ ಅರಬ್ಬೀ ಸಮುದ್ರ ಸೇರುವೆಡೆ, ನದಿಯ ದಕ್ಷಿಣ ದಡದಲ್ಲಿರುವ ನಗರ. ಗೋವಾ ಗಡಿ ಇಲ್ಲಿಂದ ಸುಮಾರು 15 ಕಿ.ಮೀ. ಜೊಯಿಡಾ ತಾಲ್ಲೂಕಿನ ದಿಗ್ಗಿಯಲ್ಲಿ ಹುಟ್ಟುವ ಕಾಳಿ 184 ಕಿ.ಮೀ. ಹರಿದು ಕೋಡಿಬಾಗದ ಬಳಿ ಕಡಲು ಸೇರುತ್ತದೆ. ಎದುರು ದಡದ ಗುಡ್ಡದ ಮೇಲೆ ಸೋಂದೆಯ ಅರಸರು ಕಟ್ಟಿಸಿದ ಸದಾಶಿವಗಡವಿದೆ. ಜನರ ಮನೆಮಾತು ಹೆಚ್ಚಾಗಿ ಕೊಂಕಣಿ. ಕಚೇರಿ, ಶಾಲೆಗಳಲ್ಲಿ ಕನ್ನಡ.

ಊರಿನ ದೊಡ್ಡ ಆಸ್ತಿ ಅದರ ಬಂದರು. ಬೈತಖೋಲ ಗುಡ್ಡ ನೈಋತ್ಯದ ಗಾಳಿಗೆ ಅಡ್ಡ ನಿಂತಿರುವುದರಿಂದ ಮಳೆಗಾಲದಲ್ಲೂ ಹಡಗುಗಳಿಗೆ ಇಲ್ಲಿ ಆಸರೆಯುಂಟು. ಕಾಳುಮೆಣಸು ಮತ್ತು ನಯವಾದ ಹತ್ತಿಬಟ್ಟೆಯ ಆಸೆಗೆ ಇಂಗ್ಲಿಷರು 1638ರಲ್ಲೇ ಇಲ್ಲಿ ಕೋಠಿ ತೆರೆದರು. 1665ರಲ್ಲಿ ಇತ್ತ ಬಂದ ಶಿವಾಜಿ ಊರಿನಿಂದ ಕಪ್ಪ ವಸೂಲು ಮಾಡಿದಾಗ ಅವರೂ ಪಾಲು ತೆರಬೇಕಾಯಿತು.

ಈಗಿನ ನಗರ ಬೆಳೆದದ್ದು ಮಾತ್ರ ಹತ್ತಿಯಿಂದ. ಅಮೆರಿಕದ ಅಂತರ್ಯುದ್ಧ ಅಲ್ಲಿನ ಹತ್ತಿಗೆ ತಡೆಯೊಡ್ಡಿದಾಗ ಮುಂಬಯಿಯ ವರ್ತಕರ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಅದನ್ನು ಸಾಗಿಸಲು ಕಾರವಾರ ಬೇಕಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಜಿಲ್ಲಾ ಕಚೇರಿಗಳು ಹೊನ್ನಾವರದಿಂದ ಇಲ್ಲಿಗೆ ಬಂದವು. 1864ರಲ್ಲಿ ದೇವಗಡ ದ್ವೀಪದಲ್ಲಿ ದೀಪಸ್ತಂಭ ಎದ್ದಿತು. ಹುಬ್ಬಳ್ಳಿಯಿಂದ ರೈಲು ಬರುವುದೊಂದೇ ಬಾಕಿ ಎನ್ನುವಾಗ, 1880ರ ದಶಕದಲ್ಲಿ ಅದು ಗೋವೆಯ ಮುರಗಾಂವ್ ಬಂದರಿಗೆ ಹೋಯಿತು. ವ್ಯಾಪಾರವೂ ಹಿಂದೆಯೇ ನಡೆಯಿತು. ಕಾರವಾರಕ್ಕೆ ಉಳಿದದ್ದು ಕಚೇರಿಗಳು ಮತ್ತು ಕಡಲ ಚೆಲುವು. ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ 1883ರಲ್ಲಿ ಬಂದ ರವೀಂದ್ರನಾಥ ಠಾಕೂರರು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಇಲ್ಲಿಯೇ. ನಗರದ ಕಡಲತೀರಕ್ಕೆ ಅವರ ಹೆಸರಿದೆ.

ಮೀನುಗಾರಿಕೆ ಹಳೆಯ ಕಸುಬು. ರಾಂಪಣಿ ಬಲೆಯನ್ನು ದೋಣಿಯಲ್ಲಿ ಒಯ್ದು ನೀರಿನಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡೂ ತುದಿಯ ಹಗ್ಗಗಳನ್ನು ಹತ್ತಾರು ಮಂದಿ ದಡದಿಂದಲೇ ಎಳೆಯುತ್ತಿದ್ದರು. ಬಂಗಡೆ, ತಾರ್ಲೆ ರಾಶಿ ಬಿದ್ದರೆ ಎಳೆದವರಿಗೆಲ್ಲ ಪಾಲು. ಯಂತ್ರದೋಣಿಗಳು ಬಂದ ಮೇಲೆ ರಾಂಪಣಿ ಸೊರಗಿತು.

1986ರಲ್ಲಿ ಶಂಕುಸ್ಥಾಪನೆಯಾದ ‘ಸೀಬರ್ಡ್’ ಯೋಜನೆಯ ನೌಕಾನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. ಅದಕ್ಕಾಗಿ ದಕ್ಷಿಣದ ಅರ್ಗಾ ಸುತ್ತಲಿನ ಊರುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಕಡಲತೀರ ಬಿಟ್ಟು ಎದ್ದವು. ಪರಿಹಾರದ ವ್ಯಾಜ್ಯ ಎಷ್ಟೋ ವರ್ಷ ಎಳೆಯಿತು. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲ್ವೆಯಿಂದ ಮುಂಬಯಿ, ಮಂಗಳೂರು ಹತ್ತಿರವಾದವು. ಹುಬ್ಬಳ್ಳಿಗೆ ಹೋಗಲು ಮಾತ್ರ ಇಂದಿಗೂ ಅರಬೈಲು ಘಟ್ಟದ ರಸ್ತೆಯೇ ಗತಿ.